ಬೋಗಿ ಇಲ್ಲದ ಡಬ್ಬಿ: ಸುಂಟಿಕೊಪ್ಪದ ತೋಟಕ್ಕೆ ಬಂದ ಒಂದು ಐಸಿಎಫ್ ಸ್ಲೀಪರ್

"ಅಣ್ಣ, ಮೋಸ ಹೋದೆ ಅನ್ಸುತ್ತೆ," ಅಂತಲೇ ಆ ಫೋನು ಶುರುವಾಯಿತು. "ಮುಂಗಡ ಕೊಟ್ಟಾಯ್ತು. ಈಗ ಕಾಗದ ಓದಿ ನೋಡಿದ್ರೆ 'ಬೋಗಿ ಹೊರತುಪಡಿಸಿ' ಅಂತ ಬರ್ದಿದ್ದಾರೆ. ಬೋಗಿನೇ ಇಲ್ಲ ಅಂದ್ಮೇಲೆ ನಾನು ಕೊಂಡಿದ್ದಾದ್ರೂ ಏನು?"

ನಗು ತಡೆಯುವುದು ಕಷ್ಟವಾಯಿತು. ತಪ್ಪು ಅವರದಲ್ಲ. "ಹಳಿ ತಪ್ಪಿದ ಮೂರು ಬೋಗಿಗಳು" ಅಂತ ಪತ್ರಿಕೆಗಳೇ ಬರೆಯುತ್ತವೆ. ಜನ ಕೂರುವ ಇಡೀ ಡಬ್ಬಿಗೆ ಕನ್ನಡದಲ್ಲಿ ಬೋಗಿ ಎಂದೇ ಹೆಸರು ನಿಂತುಬಿಟ್ಟಿದೆ. ನಾನು ಮೂವತ್ತು ಚಿಲ್ಲರೆ ವರ್ಷ ಮೈಸೂರಿನಲ್ಲಿ ಡಬ್ಬಿಗಳ ದುರಸ್ತಿ ಮಾಡುತ್ತಾ ಕಳೆದವನು. ಅಲ್ಲಿ ಬೋಗಿ ಅಂದರೆ ಡಬ್ಬಿಯ ಅಡಿ ಇರುವ ನಾಲ್ಕು ಗಾಲಿಯ ಗಾಡಿ, ಒಂದೊಂದು ಡಬ್ಬಿಗೆ ಅಂಥವು ಎರಡು. ರೈಲ್ವೆಯವರು ಹಳೆಯ ಡಬ್ಬಿಯನ್ನು ಇ-ಹರಾಜಿನಲ್ಲಿ ಗುಜರಿಗೆ ಹಾಕುವಾಗ ಬೋಗಿಯನ್ನು ಕಳಚಿ ಇಟ್ಟುಕೊಳ್ಳುವುದುಂಟು. ಗಾಲಿ, ಸ್ಪ್ರಿಂಗು ಇನ್ನೊಂದಕ್ಕೆ ಬರುತ್ತವೆ. ನಮ್ಮ ಗೆಳೆಯರು ಕೊಂಡಿದ್ದು ಹಾಗೆ ಗಾಲಿ ಕಳಚಿದ ಡಬ್ಬಿ. ತೋಟದಲ್ಲಿ ನಿಲ್ಲಿಸುವುದಕ್ಕೆ ಗಾಲಿ ಯಾಕೆ ಎಂದೆ. ಸಮಾಧಾನವಾಯಿತು. ಆದರೆ ಮುಂದಿನ ಐದು ತಿಂಗಳು ನನಗೆ ಸಮಾಧಾನ ಇರಲಿಲ್ಲ.

ಅವರ ಆಸೆ, ಮೇಸ್ತ್ರಿಯ ನಕ್ಷೆ

ಸುಂಟಿಕೊಪ್ಪದಿಂದ ಒಳಗೆ ನಾಲ್ಕು ಕಿಲೋಮೀಟರ್ ಹೋದರೆ ಅವರ ಕಾಫಿ ತೋಟ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸು, ಕೆಳಗೆ ರೋಬಸ್ಟಾ, ಮನೆಯ ಹಿಂದೆ ಎರಡು ಕೋಣೆಯ ಹೋಂಸ್ಟೇ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗಳು ಹೋಂಸ್ಟೇಯನ್ನು ಬೆಳೆಸಬೇಕೆಂದು ಹೊರಟಾಗ ಹುಟ್ಟಿದ್ದು ಈ ರೈಲಿನ ಯೋಚನೆ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಕೊಡಗಿಗೆ ಇವತ್ತಿಗೂ ರೈಲಿಲ್ಲ. ಮಡಿಕೇರಿಯವರು ರೈಲು ಹತ್ತಬೇಕಾದರೆ ಮೈಸೂರಿಗೆ, ಇಲ್ಲವೇ ಹಾಸನ, ಸುಬ್ರಹ್ಮಣ್ಯ ರೋಡ್, ಕಣ್ಣೂರು ಅಂತ ಘಟ್ಟ ಇಳಿದು ಹೋಗಬೇಕು. ರೈಲಿಲ್ಲದ ಜಿಲ್ಲೆಯಲ್ಲಿ ಕಾಫಿ ಗಿಡಗಳ ನಡುವೆ ಒಂದು ರೈಲು ಡಬ್ಬಿ ಕಂಡರೆ ಯಾರಾದರೂ ನಿಂತು ನೋಡುತ್ತಾರೆ.

ಆಸೆಗಳು ಮೂರು. ಡಬ್ಬಿ ಕಣಿವೆಗೆ ಅಡ್ಡಲಾಗಿ, ಪಕ್ಕದ ಮೈ ಕಾಣುವಂತೆ ನಿಲ್ಲಬೇಕು. ಕಣಿವೆಯ ಕಡೆಯ ಗೋಡೆಯಲ್ಲಿ ನಾಲ್ಕೈದು ಕಿಟಕಿಯಷ್ಟು ಅಗಲ ಕತ್ತರಿಸಿ ಒಂದೇ ದೊಡ್ಡ ಗಾಜು ಹಾಕಬೇಕು. ಒಳಗೆ ಮೂರು ಕೋಣೆ, ಮೂರಕ್ಕೂ ಅಟ್ಯಾಚ್ಡ್ ಬಾತ್‌ರೂಮ್. ಮೇಸ್ತ್ರಿ ಇದಕ್ಕೆ ತಕ್ಕ ನಕ್ಷೆಯನ್ನೂ ಬರೆದಿದ್ದ: ಜೆಸಿಬಿ ತಂದು ಗುಡ್ಡ ಬಗೆದು 25 ಮೀಟರ್ ಉದ್ದದ ಸಮತಟ್ಟು ಮಾಡುವುದು, ಅದರ ಮೇಲೆ ಒಂಬತ್ತು ಕಂಬ, ಕಂಬಗಳ ಮೇಲೆ ಡಬ್ಬಿ.

ಆ ಕಾಗದ ನೋಡಿದ ದಿನವೇ ಮೂರಕ್ಕೂ ಬೇಡ ಎಂದೆ. ಮಗಳಿಗೆ ಸಿಟ್ಟು ಬಂತು. "ಮಾವ, ಬೇಡ ಅನ್ನೋದು ಸುಲಭ. ಯಾಕೆ ಅಂತ ಹೇಳಿ."

ಗೋಡೆಯೇ ಕಂಬ

ಅವಳಿಗೆ ಹೇಳಿದ್ದು ಐನ್‌ಮನೆಯ, ಅಂದರೆ ಕೊಡವ ಕುಟುಂಬಗಳ ಹಿರಿಯರ ಮನೆಯ ಉದಾಹರಣೆ. ಮರದ ಕಂಬಗಳ ಮೇಲೆ ನಿಂತ ಹಳೆಯ ಐನ್‌ಮನೆಯಲ್ಲಿ ಮಾಡಿನ ಭಾರವನ್ನು ಮರದ ಕಂಬಗಳೂ ತೊಲೆಗಳೂ ಹೊರುತ್ತವೆ. ನಡುವಿನ ಒಂದು ಗೋಡೆ ತೆಗೆದರೂ ಮನೆ ನಿಂತಿರುತ್ತದೆ. ಮೊದಲ ಕಾಲದ ರೈಲು ಡಬ್ಬಿಗಳದೂ ಹೆಚ್ಚುಕಡಿಮೆ ಇದೇ ಕಟ್ಟು. ಅಡಿಯಲ್ಲಿ ಗಟ್ಟಿ ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಪೆಟ್ಟಿಗೆ. ಭಾರವೆಲ್ಲ ಚೌಕಟ್ಟಿನದು, ಪೆಟ್ಟಿಗೆ ಬರೀ ಮಳೆ ಬಿಸಿಲಿಗೆ. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿರುವ ಮಹಾರಾಣಿಯವರ ಸಲೂನ್ ನೋಡಿದವರಿಗೆ ಆ ಕಾಲದ ಮರಗೆಲಸದ ಅಂದ ಗೊತ್ತು. ಅಂದ ಬೇರೆ, ಅಪಘಾತದ ಮಾತು ಬೇರೆ. ಎರಡು ರೈಲು ಡಿಕ್ಕಿ ಹೊಡೆದಾಗ ಒಂದು ಡಬ್ಬಿಯ ಚೌಕಟ್ಟು ಎದ್ದು ಮುಂದಿನ ಡಬ್ಬಿಯ ಮರದ ಪೆಟ್ಟಿಗೆಯೊಳಗೆ ನುಗ್ಗುತ್ತಿತ್ತು. ದುರ್ಬೀನಿನ ಕೊಳವೆಗಳು ಒಂದರೊಳಗೊಂದು ಸೇರುವಂತೆ ಡಬ್ಬಿಗಳು ಸೇರಿಕೊಳ್ಳುತ್ತಿದ್ದವು, ಒಳಗೆ ಜನ.

ಸ್ವಾತಂತ್ರ್ಯ ಬಂದ ಮೇಲೆ ಇದಕ್ಕೆ ಪರಿಹಾರ ಹುಡುಕಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಜ್ಯೂರಿಕ್ ಬಳಿಯ ಷ್ಲೀರೆನ್‌ನ ಕಂಪನಿಯ ವಿನ್ಯಾಸ ತೆಗೆದುಕೊಂಡು ಮದರಾಸಿನ ಪೆರಂಬೂರಿನಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಕಟ್ಟಿದರು. 1955ರ ಅಕ್ಟೋಬರ್ 2ರಂದು ನೆಹರೂ ಅದನ್ನು ಉದ್ಘಾಟಿಸಿದರು. ಮೊದಮೊದಲು ಅಲ್ಲಿ ಬರೀ ಉಕ್ಕಿನ ಮೈ ಮಾತ್ರ ತಯಾರಾಗುತ್ತಿತ್ತು, ಸೀಟು ಕಿಟಕಿ ಕೂರಿಸುವ ವಿಭಾಗ ಬಂದಿದ್ದು 1962ರಲ್ಲಿ. ಐಸಿಎಫ್ ಎಂಬ ಮೂರಕ್ಷರ ಈಗ ಕಾರ್ಖಾನೆಯ ಹೆಸರೂ ಹೌದು, ಆ ವಿನ್ಯಾಸದ ಹೆಸರೂ ಹೌದು. ಕಪೂರ್ತಲಾದ ಕಾರ್ಖಾನೆಯೂ ನಮ್ಮ ಬೆಂಗಳೂರಿನ ಬೆಮೆಲ್ ಕೂಡ ಇದೇ ಮಾದರಿಯ ಡಬ್ಬಿ ಮಾಡಿದ್ದುಂಟು.

ಗುಟ್ಟು ಇರುವುದು ಆ ಹೆಸರಿನ ಮೊದಲ ಪದದಲ್ಲೇ: ಇಂಟೆಗ್ರಲ್, ಅಂದರೆ ಎಲ್ಲ ಸೇರಿ ಒಂದೇ ಆದದ್ದು. ಈ ವಿನ್ಯಾಸದಲ್ಲಿ ಚೌಕಟ್ಟು ಬೇರೆ, ಪೆಟ್ಟಿಗೆ ಬೇರೆ ಅಂತ ಇಲ್ಲ. ಪಕ್ಕದ ಗೋಡೆ ಎರಡು ಮಿಲಿಮೀಟರ್ ತಗಡು, ಮಾಡು ಅದಕ್ಕಿಂತ ತೆಳು, ನೆಲ ಉದ್ದಕ್ಕೂ ಮಡಿಕೆ ಬಿದ್ದ ಇನ್ನೊಂದು ತಗಡು. ಬಿಡಿಯಾಗಿ ನೋಡಿದರೆ ಯಾವುದಕ್ಕೂ ತಾಕತ್ತಿಲ್ಲ. ನಾಲ್ಕೂ ಕಡೆ ಬೆಸೆದ ಮೇಲೆ 21.337 ಮೀಟರ್ ಉದ್ದದ ಕೊಳವೆಯಾಗುತ್ತದೆ. ಭಾರ ಹೊರುವುದು ಆ ಇಡೀ ಕೊಳವೆ. ಬಿದಿರನ್ನು ನೆನೆಸಿಕೊಳ್ಳಿ. ಸಿಪ್ಪೆ ಎಷ್ಟು ತೆಳುವಾದರೂ ಸುತ್ತಲೂ ಇರುವತನಕ ಅದು ಏಣಿಯಾಗುತ್ತದೆ. ನಡುವೆ ಒಂದು ಕಡೆ ದೊಡ್ಡ ತೂತು ಕೊರೆದು ಏಣಿ ಹತ್ತಿ ನೋಡಿ.

ಆದ್ದರಿಂದ ಕಣಿವೆಯ ಕಡೆಯ ನಾಲ್ಕು ಕಿಟಕಿಗಳ ನಡುವಿನ ಗೂಟ ಕಿತ್ತರೆ ಹೋಗುವುದು ಗೋಡೆಯಲ್ಲ, ಕಂಬ. ಒಂಬತ್ತು ಕಂಬದ ನಕ್ಷೆಯೂ ಇದೇ ಕಾರಣಕ್ಕೆ ತಪ್ಪು. ಡಬ್ಬಿಯನ್ನು ಎರಡೇ ಕಡೆ ಊರಿಕೊಳ್ಳುವಂತೆ ಮಾಡಿರುತ್ತಾರೆ. ಎರಡು ಬೋಗಿಗಳ ನಡು ಬಿಂದುಗಳ ಅಂತರ 14.783 ಮೀಟರ್. ಅಲ್ಲಿ ಡಬ್ಬಿಯ ಅಡಿ ಬೋಲ್‌ಸ್ಟರ್ ಎಂಬ ದಪ್ಪ ಅಡ್ಡತೊಲೆ ಇರುತ್ತದೆ. ಇನ್ನೂ ಸರಿಯಾಗಿ ಹೇಳುವುದಾದರೆ, ಐಸಿಎಫ್ ಬೋಗಿಯ ನಡುವಿನ ಪಿವಟ್ ಭಾರವನ್ನೇ ಹೊರುವುದಿಲ್ಲ, ಅದರ ಕೆಲಸ ಎಳೆತ ತಡೆಯುವುದಷ್ಟೆ. ಭಾರ ಇಳಿಯುವುದು ಅಕ್ಕಪಕ್ಕ 1.6 ಮೀಟರ್ ಅಂತರದಲ್ಲಿ ಇರುವ ಎರಡು ಸೈಡ್ ಬೇರರ್‌ಗಳ ಮೇಲೆ. ಒಟ್ಟು ನಾಲ್ಕು ಬಿಂದು. ಒಂಬತ್ತು ಕಂಬ ಹಾಕಿ ಎರಡು ಮಳೆಗಾಲ ಕಳೆದರೆ, ನಮ್ಮ ಮಣ್ಣಿನಲ್ಲಿ ಒಂದೆರಡು ಕಂಬ ಕುಸಿದೇ ಕುಸಿಯುತ್ತವೆ. ಎತ್ತಬಾರದ ಜಾಗದಲ್ಲಿ ಉಳಿದ ಕಂಬಗಳು ಡಬ್ಬಿಯನ್ನು ಎತ್ತಿ ಹಿಡಿಯುತ್ತವೆ.

"ಒಂಬತ್ತು ಕಂಬಕ್ಕಿಂತ ನಾಲ್ಕು ಗಟ್ಟಿನಾ?" ಅಂತ ಮೇಸ್ತ್ರಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಯಾವ ಡಬ್ಬಿ?

ಮುಂಗಡ ಕೊಟ್ಟಿದ್ದರೂ ಆರಿಸಿಕೊಳ್ಳುವ ಅವಕಾಶ ಇತ್ತು. ಗುಜರಿ ವ್ಯಾಪಾರಿಯ ಬಳಿ ಮೂರು ಡಬ್ಬಿ ಇದ್ದವು: ಒಂದು ಸ್ಲೀಪರ್, ಒಂದು ಎಸಿ ತ್ರಿ ಟೈರ್, ಒಂದು ಜನರಲ್. ಎಸಿ ಡಬ್ಬಿಗೆ ಹೆಚ್ಚು ಬೆಲೆ. ಅದೇ ಶ್ರೇಷ್ಠ ಎಂದು ಮನೆಯವರೆಲ್ಲರೂ ನಂಬಿದ್ದರು.

ನಿಜ ಹೇಳಬೇಕೆಂದರೆ ಮೂರರ ಮೈಯೂ ಒಂದೇ ಜಾತಿ. ಐಸಿಎಫ್ ಡಬ್ಬಿಯ ಆರು ದಶಕದ ಚರಿತ್ರೆ ಅಂದರೆ ಅದೇ ಕೊಳವೆಯೊಳಗೆ ಎಷ್ಟು ಜನರನ್ನು ಹೇಗೆ ಕೂರಿಸಬಹುದು, ಮಲಗಿಸಬಹುದು ಅನ್ನುವ ಪ್ರಯೋಗಗಳ ಚರಿತ್ರೆ. 1974ರಲ್ಲಿ ಮೂರನೆಯ ದರ್ಜೆ ಹೋಯಿತು. 70ರ ದಶಕದ ಕೊನೆಯಲ್ಲಿ ಮಧು ದಂಡವತೆ ರೈಲ್ವೆ ಮಂತ್ರಿಯಾಗಿದ್ದಾಗ ಎರಡನೆಯ ದರ್ಜೆಯ ಮರದ ಹಲಗೆಗೆ ಮೆತ್ತೆ ಬಂತು. ಆ ಮೆತ್ತೆಯನ್ನು ನಾನು ಹುಡುಗನಾಗಿದ್ದಾಗ ಬೆರಳಲ್ಲಿ ಒತ್ತಿ ನೋಡಿದ್ದು ನೆನಪಿದೆ. ಸ್ಲೀಪರಿನಲ್ಲಿ ಎಂಟೆಂಟು ಬರ್ತಿನ ಒಂಬತ್ತು ಅಂಕಣ, ಒಟ್ಟು 72. ಅದೇ ಮೈಯಲ್ಲಿ ಎಸಿ ತ್ರಿ ಟೈರ್ ಮಾಡಿದಾಗ ಎಂಟು ಅಂಕಣ, 64. ಟೂ ಟೈರ್ ಆದರೆ 46. ಎಸಿಯ ಯಂತ್ರಕ್ಕೆ, ವಿದ್ಯುತ್ ಫಲಕಕ್ಕೆ, ಹೊದಿಕೆ ಇಡುವ ಕಪಾಟಿಗೆ ಜಾಗ ಬೇಕಲ್ಲ. ಕೆಲವು ಪ್ರಯೋಗ ಕೈಕೊಟ್ಟಿದ್ದೂ ಉಂಟು. 2006ರಲ್ಲಿ ಶುರುವಾದ ಗರೀಬ್ ರಥದಲ್ಲಿ ಪಕ್ಕದ ಎರಡು ಬರ್ತಿನ ನಡುವೆ ಇನ್ನೊಂದು ತುರುಕಿದರು. ಆಮೇಲೆ ಮಾಮೂಲಿ ಸ್ಲೀಪರಿಗೂ ತಂದು, ಜನ ಬೈದ ಮೇಲೆ ಅಲ್ಲಿಂದ ಕಿತ್ತರು. ಕೂತರೆ ತಲೆ ಎತ್ತುವಂತಿಲ್ಲ, ಮಲಗಿದರೆ ಹೊರಳುವಂತಿಲ್ಲ. ಆ ನಕ್ಷೆಗೆ ಸಹಿ ಹಾಕಿದವರು ಅದರಲ್ಲಿ ಒಂದು ರಾತ್ರಿ ಮಲಗಿದ್ದರೋ ಇಲ್ಲವೋ.

ನಮ್ಮ ಕೆಲಸಕ್ಕೆ ಪಾಠವಾಗಿದ್ದು ಬೇರೆ ಎರಡು ರೂಪಾಂತರಗಳು. ಒಂದು 2020ರ ಕೋವಿಡ್ ಡಬ್ಬಿ. ಹಳೆಯ ಸ್ಲೀಪರುಗಳಲ್ಲಿ ನಡುವಿನ ಬರ್ತು ಕಿತ್ತು, ಒಂದು ಶೌಚಾಲಯವನ್ನು ಸ್ನಾನದ ಮನೆಯಾಗಿ ಬದಲಿಸಿ ಐಸೋಲೇಶನ್ ವಾರ್ಡು ಮಾಡಿದರು. ಒಳಗಿನದೆಲ್ಲ ಬದಲಾದರೂ ಹೊರ ಮೈಗೆ ಕೈ ಹಾಕಲಿಲ್ಲ. ಇನ್ನೊಂದು ಜನರ ಕಣ್ಣಿಗೆ ಅಷ್ಟಾಗಿ ಬೀಳದ್ದು, ಎನ್‌ಎಂಜಿ. ಪ್ರಯಾಣಿಕರಿಗೆ ನಿವೃತ್ತಿಯಾದ ಡಬ್ಬಿಯ ಕಿಟಕಿ, ಪಕ್ಕದ ಬಾಗಿಲು ಎಲ್ಲ ಮುಚ್ಚಿ ಬೆಸೆದು, ಎರಡು ತುದಿಗಳನ್ನು ಬಾಗಿಲಾಗಿ ತೆರೆದು, ಕಾರು ಸಾಗಿಸಲು ಬಳಸುತ್ತಾರೆ. ಕಾರುಗಳು ತುದಿಯಿಂದ ಹತ್ತಿ ಒಂದರ ಹಿಂದೊಂದು ಒಳಗೆ ಹೋಗುತ್ತವೆ. ರೈಲ್ವೆಯವರಿಗೇ ದೊಡ್ಡ ಬಾಯಿ ಬೇಕಾದಾಗ ಪಕ್ಕದ ಗೋಡೆಯನ್ನು ಬಿಟ್ಟು ತುದಿಯನ್ನು ತೆರೆದರು. ನಮ್ಮ ಪ್ರಕರಣದ ಉತ್ತರ ಅಲ್ಲೇ ಇತ್ತು. ನನ್ನ ತಲೆಗೆ ಹೊಳೆದದ್ದು ಮಾತ್ರ ಮೂರು ವಾರ ಕಳೆದ ಮೇಲೆ.

ಎಸಿ ಡಬ್ಬಿ ಬೇಡ ಎಂದಿದ್ದಕ್ಕೆ ಕಾರಣ ಸರಳ. ಅದರ ಕಿಟಕಿ ತೆರೆಯುವುದಿಲ್ಲ. ಯಂತ್ರ ಕಳಚಿದ ಕಡೆ ಮಾಡಿನಲ್ಲಿ ದೊಡ್ಡ ಕಂಡಿಗಳು ಉಳಿದಿದ್ದವು. ಕೊಡಗಿನ ಮಳೆಯಲ್ಲಿ ಮಾಡಿಗೆ ತೇಪೆ ಹಾಕಿ ನೆಮ್ಮದಿಯಾಗಿ ಮಲಗಿದವರು ಯಾರೂ ಇಲ್ಲ. ಜನರಲ್ ಡಬ್ಬಿಯ ಮೈ ಸುಮಾರಾಗಿ ಸವೆದಿತ್ತು. ಉಳಿದದ್ದು ಸ್ಲೀಪರ್.

ಮಗಳು ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬಂದು ಎಲ್‌ಎಚ್‌ಬಿ ಯಾಕೆ ಬೇಡ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಜರ್ಮನಿಯ ಲಿಂಕೆ ಹಾಫ್‌ಮನ್ ಬುಷ್ ಕಂಪನಿಯ ಆ ವಿನ್ಯಾಸದ ಡಬ್ಬಿಗಳು 2000ದಲ್ಲಿ ಮೊದಲು ಆಮದಾಗಿ ಬಂದವು, ಆಮೇಲೆ ಕಪೂರ್ತಲಾದಲ್ಲಿ ತಯಾರಾದವು. ಮೈ ಸ್ಟೇನ್‌ಲೆಸ್ ಸ್ಟೀಲ್. ಉದ್ದ 23.54 ಮೀಟರ್, ಅದಕ್ಕೇ ಸ್ಲೀಪರಿನಲ್ಲಿ ಒಂದು ಅಂಕಣ ಹೆಚ್ಚಾಗಿ 80 ಬರ್ತು, ಎಸಿ ತ್ರಿ ಟೈರಿನಲ್ಲಿ 72. 2021ರಲ್ಲಿ ಬಂದ ಎಸಿ ಎಕಾನಮಿಯಲ್ಲಿ ವಿದ್ಯುತ್ ಫಲಕವನ್ನು ಡಬ್ಬಿಯ ಅಡಿಗೆ ಇಳಿಸಿ 83 ಮಾಡಿದರು. ಡಿಸ್ಕ್ ಬ್ರೇಕು, ಗಂಟೆಗೆ 160 ಕಿಲೋಮೀಟರ್ ಓಡುವ ಬೋಗಿ, ಡಿಕ್ಕಿಯಾದರೂ ಒಂದರ ಮೇಲೊಂದು ಹತ್ತದಂತೆ ಬಿಗಿದುಕೊಳ್ಳುವ ಕೊಂಡಿ. ಎಲ್ಲ ಡಬ್ಬಿಗಳೂ ಇದೇ ಆಗಬೇಕೆಂದು ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಹೇಳಿತು. 2018ರ ಜನವರಿಯಲ್ಲಿ ಪೆರಂಬೂರಿನಿಂದ ಕೊನೆಯ ಐಸಿಎಫ್ ಡಬ್ಬಿ ಹೊರಬಿತ್ತು. ಕೊಡಗಿನ ತೇವಕ್ಕೆ ಸ್ಟೇನ್‌ಲೆಸ್ ಮೈಗಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಐಸಿಎಫ್ ಡಬ್ಬಿಯ ಆಯಸ್ಸು 25 ವರ್ಷ, ಎಲ್‌ಎಚ್‌ಬಿಯದು 35. ಮೊದಲು ಬಂದವು ಕೂಡ 2035ರವರೆಗೆ ದುಡಿಯಬೇಕು. ನಮ್ಮ ಮಳೆಗೆ ಯೋಗ್ಯವಾದ ಡಬ್ಬಿ ಇನ್ನೂ ಗುಜರಿಗೆ ಬಂದಿಲ್ಲ, ಗುಜರಿಗೆ ಬಂದದ್ದು ನಮ್ಮ ಮಳೆಗೆ ಯೋಗ್ಯವಲ್ಲ.

ಸುತ್ತಿಗೆ ಹಿಡಿದು ಒಂದು ಮಧ್ಯಾಹ್ನ

ಡಬ್ಬಿಯ ಮೈಮೇಲೆ ಬರೆದ ಸಂಖ್ಯೆ ಅದರ ಜಾತಕ. ನಮ್ಮದರಲ್ಲಿ ಕೊನೆಯ ಎರಡು ಅಂಕಿ ಅಳಿಸಿಹೋಗಿ 972 ಅಷ್ಟೇ ಉಳಿದಿತ್ತು. 97 ಅಂದರೆ 1997ರಲ್ಲಿ ತಯಾರಾದದ್ದು. ಅದರ ಮುಂದಿನ ಮೂರು ಅಂಕಿ ಇನ್ನೂರರ ಸಾಲಿನಲ್ಲಿದ್ದರೆ ಸ್ಲೀಪರ್. ಇಪ್ಪತ್ತೈದು ವರ್ಷ ಮುಗಿಸಿಕೊಂಡೇ ಬಂದಿತ್ತು.

ಚಿಕ್ಕ ಸುತ್ತಿಗೆ ತೆಗೆದುಕೊಂಡು ಒಂದು ತುದಿಯಿಂದ ತಟ್ಟುತ್ತಾ ಹೋದೆ. ಒಳ್ಳೆಯ ಉಕ್ಕು ಕಂಚಿನ ತಟ್ಟೆಯ ಹಾಗೆ ಮಾತಾಡುತ್ತದೆ. ನಡುವಿನ ಒಂಬತ್ತು ಅಂಕಣದಲ್ಲೂ ಆ ದನಿ ಇತ್ತು. ಎರಡೂ ಬೋಲ್‌ಸ್ಟರ್ ಗಟ್ಟಿ. ಶೌಚಾಲಯದ ಕೆಳಗೆ ಬಂದಾಗ ದನಿ ಸತ್ತಿತು, ಒದ್ದೆ ಹಲಗೆಗೆ ಹೊಡೆದ ಹಾಗೆ. ಇನ್ನೊಂದು ಏಟಿಗೆ ಅಂಗೈ ಅಗಲದ ತುಕ್ಕು ಪದರ ಪದರವಾಗಿ, ಹಳೆಯ ಹಲಸಿನ ಹಪ್ಪಳದಂತೆ, ಕಾಲ ಮೇಲೆ ಬಿತ್ತು. ಮೂರನೆಯ ಏಟಿಗೆ ಸುತ್ತಿಗೆಯ ಮೂತಿ ಒಳಗೇ ಹೋಯಿತು. ನಾಲ್ಕೂ ಶೌಚಾಲಯದ ಅಡಿಯಲ್ಲಿ ಇದೇ ಕಥೆ. ಬಾಗಿಲ ಮೆಟ್ಟಿಲಿನ ಹತ್ತಿರವೂ ಅಷ್ಟೆ.

ಇದರಲ್ಲಿ ನನಗೆ ಆಶ್ಚರ್ಯ ಇರಲಿಲ್ಲ. ಐಸಿಎಫ್ ಡಬ್ಬಿ ಸಾಯುವುದು ಶೌಚಾಲಯದ ಅಡಿಯಿಂದ, ಬಾಗಿಲ ಬುಡದಿಂದ, ಕಿಟಕಿಯ ಕೆಳಗಿನಿಂದ. ಕಿಟಕಿಯ ಸಂದಿಯಲ್ಲಿ ಇಳಿದ ನೀರು ಗೋಡೆಯ ಎರಡು ಪದರದ ನಡುವೆ ಕೆಳಗಿಳಿದು, ಬುಡದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಕಡಲೆಕಾಯಿ ಸಿಪ್ಪೆ, ಧೂಳು, ಎಲೆ ಅಡಿಕೆ ಚೂರು ಸೇರಿ ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಮೇಲೆ ಬಣ್ಣ ಹೊಸದಾಗಿ ಹೊಳೆಯುತ್ತಿರುತ್ತದೆ, ಒಳಗೆ ಗೋಡೆ ಮುಗಿದಿರುತ್ತದೆ.

"ಕಾರ್ಟೆನ್ ಸ್ಟೀಲು ಸಾರ್, ತುಕ್ಕೇ ಹಿಡಿಯಲ್ಲ," ಅಂತ ವ್ಯಾಪಾರಿ ಹೇಳುತ್ತಲೇ ಇದ್ದ. ಹೇಳಿದ್ದು ಅರ್ಧ ನಿಜ. ಆ ಉಕ್ಕಿನ ಮೇಲೆ ತೆಳುವಾದ ಗಟ್ಟಿ ತುಕ್ಕಿನ ಪದರ ಕಟ್ಟಿ, ಅದೇ ಒಳಗಿನ ಉಕ್ಕನ್ನು ಕಾಯುತ್ತದೆ. ಆದರೆ ಆ ಪದರ ಕಟ್ಟಬೇಕಾದರೆ ಮೈ ಒದ್ದೆಯಾಗಬೇಕು, ಒಣಗಬೇಕು, ಮತ್ತೆ ಒದ್ದೆಯಾಗಬೇಕು. ಜೂನಿನಲ್ಲಿ ಒದ್ದೆಯಾದದ್ದು ಸೆಪ್ಟೆಂಬರಿನವರೆಗೂ ಒಣಗದ ಊರಿನಲ್ಲಿ ಕಾರ್ಟೆನ್ನಿಗೂ ಮಾಮೂಲಿ ಉಕ್ಕಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಡಬ್ಬಿ ಒಣಗುತ್ತದೆಯೇ?

ಹಗ್ಗದ ಲೆಕ್ಕ

ಕೆಟ್ಟ ಸುದ್ದಿ ಅಲ್ಲಿಗೆ ಮುಗಿಯಲಿಲ್ಲ. ಡಬ್ಬಿ ತೋಟದ ಒಳಗೆ ಬರುತ್ತದೆಯೇ ಎಂದು ನೋಡಲು ಒಂದು ಭಾನುವಾರ ಹಗ್ಗ ತೆಗೆದುಕೊಂಡು ಹೋದೆವು. 21 ಮೀಟರ್ ಹಗ್ಗದ ಎರಡು ತುದಿಗೆ ಇಬ್ಬರು ಆಳುಗಳು, ಬಿಗಿಯಾಗಿ ಎಳೆದುಕೊಂಡು ತೋಟದ ರಸ್ತೆಯಲ್ಲಿ ನಡೆಯುವುದು, ಹಗ್ಗ ಸಡಿಲ ಬಿಡಬಾರದು. ಮುಖ್ಯ ರಸ್ತೆಯಿಂದ ತಿರುಗಿ ಮೊದಲ ಎರಡು ತಿರುವು ದಾಟಿದರು. ಮೂರನೆಯದು ಮೋರಿಯ ಹತ್ತಿರ. ಮುಂದಿನವನು ತಿರುವು ಮುಗಿಸುವ ಹೊತ್ತಿಗೆ ಹಗ್ಗದ ನಡುಭಾಗ ದರೆಗೆ ಒರಗಿ, ಒಂದು ಮೆಣಸಿನ ಬಳ್ಳಿಯನ್ನು ಮರದ ಸಮೇತ ಅಪ್ಪಿಕೊಂಡಿತ್ತು. ಬರೀ ಹಗ್ಗ, ಅಗಲವೇ ಇಲ್ಲದ್ದು. ಡಬ್ಬಿಯ ಅಗಲ 3.245 ಮೀಟರ್.

ಯಜಮಾನರು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. "ಮುಂಗಡ ಹೋದ್ರೆ ಹೋಗ್ಲಿ ಅಣ್ಣ, ಬಿಡೋಣ."

ಆಗ ಲೆಕ್ಕ ಹಾಕಿದೆ. ಒಟ್ಟು ಉದ್ದ 21.337, ಬೋಲ್‌ಸ್ಟರ್‌ಗಳ ಅಂತರ 14.783. ಪ್ರತಿ ತುದಿಯಲ್ಲೂ ಬೋಲ್‌ಸ್ಟರಿನಿಂದ ಹೊರಗೆ 3.28 ಮೀಟರ್ ಚಾಚಿಕೊಂಡಿದೆ. ಶೌಚಾಲಯ, ಬಾಗಿಲು, ಕೈತೊಳೆಯುವ ಜಾಗ ಎಲ್ಲ ಸೇರಿ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ಕೊಳೆತ ಭಾಗ ಪೂರ್ತಿ ಬೋಲ್‌ಸ್ಟರಿನ ಹೊರಗಿದೆ. ಎರಡು ತುದಿಯಲ್ಲೂ ಆ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಎಸೆದರೆ 17 ಮೀಟರಿನ ಡಬ್ಬಿ ಉಳಿಯುತ್ತದೆ: ಒಂಬತ್ತು ಅಂಕಣವೂ ಇರುತ್ತದೆ, ಊರಿಕೊಳ್ಳಬೇಕಾದ ಎರಡು ಜಾಗವೂ ಇರುತ್ತವೆ, ಪಕ್ಕದ ಗೋಡೆಯ ಒಂದು ಗೂಟವನ್ನೂ ಮುಟ್ಟಿದ್ದಿಲ್ಲ. ಷ್ಲೀರೆನ್‌ನವರು ತುದಿಗಳನ್ನು ರೂಪಿಸಿದ್ದೇ ಡಿಕ್ಕಿಯಾದಾಗ ಅವು ನುಜ್ಜುಗುಜ್ಜಾಗಿ ನಡುವಿನ ಜನರನ್ನು ಉಳಿಸಲಿ ಎಂದು. ಕಾಫಿ ತೋಟದಲ್ಲಿ ಯಾವ ರೈಲು ಬಂದು ಗುದ್ದಬೇಕು?

ಹಗ್ಗವನ್ನು 17 ಮೀಟರಿಗೆ ಮಡಚಿ ಮತ್ತೆ ನಡೆಸಿದೆವು. ಒಂದು ಸಿಲ್ವರ್ ಓಕ್ ಕಡಿದರೆ ಸಾಕು, ದಾಟುತ್ತಿತ್ತು.

ಗಾಜಿನ ಪ್ರಶ್ನೆಯೂ ಆ ಮೋರಿಯ ಕಟ್ಟೆಯ ಮೇಲೇ ಮುಗಿಯಿತು. ತುದಿ ಹೇಗೂ ಬಾಯ್ತೆರೆದಿರುತ್ತದೆ, ಎನ್‌ಎಂಜಿಯ ಹಾಗೆ. ಅಲ್ಲೇ ಗಾಜು ಹಾಕಿ, ಆ ತುದಿಯನ್ನು ಕಣಿವೆಗೆ ಮುಖಮಾಡಿ ನಿಲ್ಲಿಸಿದರಾಯಿತು. ಯಶವಂತಪುರದಿಂದ ಮಂಗಳೂರಿಗೆ ಹೋಗುವ ರೈಲಿಗೆ 2021ರಲ್ಲಿ ವಿಸ್ಟಾಡೋಮ್ ಡಬ್ಬಿ ಸೇರಿಸಿದ ಮೇಲೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ 57 ಸುರಂಗಗಳನ್ನು ಗಾಜಿನ ತುದಿಯಲ್ಲಿ ನಿಂತು ನೋಡಿದವರಿಗೆ ಇದು ಹೊಸದೇನಲ್ಲ. ಮಗಳು ಅದರಲ್ಲಿ ಹೋಗಿ ಬಂದಿದ್ದಳು. "ಮಾವ, ಇದನ್ನ ಮೊದ್ಲೇ ಹೇಳ್ಬಾರ್ದಾ?" ಅಂದಳು. ಹೇಳಬಹುದಿತ್ತು.

ಇನ್ನೊಂದು ಲಾಭ ನಾನೂ ನಿರೀಕ್ಷಿಸಿರಲಿಲ್ಲ. ಡಬ್ಬಿ ಇಳಿಜಾರಿಗೆ ಅಡ್ಡಲಾಗಿ ನಿಲ್ಲಬೇಕಾದರೆ 25 ಮೀಟರ್ ಉದ್ದ ಗುಡ್ಡ ಬಗೆಯಬೇಕಿತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರು ಯಾರೂ ಮನೆಯ ಮೇಲಿನ ದರೆಗೆ ಜೆಸಿಬಿ ಹಚ್ಚಲು ಮನಸ್ಸು ಮಾಡುವುದಿಲ್ಲ, ಮಾಡಬಾರದು. ಇಳಿಜಾರಿನ ಗುಂಟ ನಿಂತರೆ ಎರಡು ಅಡಿಪಾಯ ಸಾಕು: ಮೇಲಿನದು ಗಿಡ್ಡ, ಕೆಳಗಿನದು ಎತ್ತರ, ಒಂದೊಂದರ ಮೇಲೆ ಎರಡು ದಿಂಡು, ಸೈಡ್ ಬೇರರ್ ಇದ್ದ ಜಾಗಕ್ಕೇ ಸರಿಯಾಗಿ. ಮಣ್ಣು ಪರೀಕ್ಷೆ ಮಾಡಿಸಿ, ಕೆಳಗಿನ ಕಂಬದ ಆಳವನ್ನು ಇಂಜಿನಿಯರ್ ಒಬ್ಬರಿಂದ ಬರೆಸಿಕೊಂಡೆವು. ಆ ಲೆಕ್ಕ ನನ್ನ ವಿದ್ಯೆಯಲ್ಲ.

ಬಂದ ದಿನ

ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು, ಡಿಸೆಂಬರಿನಿಂದ ಕಾಫಿ ಕೊಯ್ಲು. ಹಾಗಾಗಿ ಕೊಯ್ಲು ಮುಗಿದು ಹೂಮಳೆ ಬರುವ ಮೊದಲಿನ ಎರಡು ವಾರವನ್ನು ಹಿಡಿದೆವು. ತುದಿಗಳನ್ನು ವ್ಯಾಪಾರಿಯ ಅಂಗಳದಲ್ಲೇ ಗ್ಯಾಸ್ ಕಟ್ಟರಿನಿಂದ ಕತ್ತರಿಸಿದರು. ಕತ್ತರಿಸುವ ಮೊದಲು ಬಾಯಿಯ ಸುತ್ತ ಒಳಗಡೆಯಿಂದ ಉಕ್ಕಿನ ಬಳೆ ಬೆಸೆಯಿಸಿದ್ದೆ. ಬಿದಿರಿನ ಗಿಣ್ಣಿನ ಹಾಗೆ ಅದು ಆಕಾರ ಹಿಡಿದಿಡುತ್ತದೆ. ಸ್ಲೀಪರ್ ಡಬ್ಬಿ ಬೋಗಿ ಸಮೇತ ಸುಮಾರು 37 ಟನ್. ಬೋಗಿ, ಬರ್ತು, ತುದಿ ಎಲ್ಲ ಹೋಗಿ ಕ್ರೇನಿಗೆ ಸಿಕ್ಕಿದ್ದು 20 ಟನ್ನಿಗೂ ಕಡಿಮೆ.

ಅಗಲದ ಕಾರಣಕ್ಕೆ ವಿಶೇಷ ಪರವಾನಗಿ ಬೇಕಾಯಿತು. ಹಿಂದಿನ ಗಾಲಿಯನ್ನೂ ತಿರುಗಿಸಬಹುದಾದ ಟ್ರೈಲರ್. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಸುಂಟಿಕೊಪ್ಪ ತಲುಪಿದಾಗ ಬೆಳಗಿನ ಜಾವ. ಮುಂದೆ ಇಬ್ಬರು ಹುಡುಗರು ಬಿದಿರು ಗಳುವಿನಿಂದ ಕೇಬಲ್ ವೈರು ಎತ್ತುತ್ತಾ ನಡೆದಿದ್ದರು. ಚಹಾ ಅಂಗಡಿ ತೆರೆಯಲು ಬಂದಿದ್ದ ಅಜ್ಜಿ ಒಲೆ ಹಚ್ಚುವುದು ಬಿಟ್ಟು ಹೊರಗೆ ಬಂದು, "ಕುಶಾಲನಗರಕ್ಕೆ ರೈಲು ಬರುತ್ತೆ ಬರುತ್ತೆ ಅಂತಿದ್ರು, ಇದೇನಾ?" ಎಂದರು. ಡ್ರೈವರ್ "ಹೌದಜ್ಜಿ, ಹಳಿ ಆಮೇಲೆ ಬರುತ್ತೆ" ಎಂದ.

ಡಬ್ಬಿಯ ಬೆಲೆಗಿಂತ ಅದನ್ನು ತಂದ ಖರ್ಚು ಹೆಚ್ಚಾಯಿತು. ಇಂಥ ಯೋಚನೆ ಇರುವವರು ಮೊದಲು ಹಗ್ಗ ಕೊಳ್ಳಲಿ, ಆಮೇಲೆ ಡಬ್ಬಿ.

ಸ್ನಾನದ ಮನೆಯ ಜಗಳ

ಒಂದು ವಿಷಯದಲ್ಲಿ ಮಾತ್ರ ಮಗಳೂ ನಾನೂ ಇವತ್ತಿಗೂ ಒಪ್ಪಿಲ್ಲ. ಡಬ್ಬಿಯ ಒಳಗೆ ನೀರು ಬೇಡವೇ ಬೇಡ ಎನ್ನುವುದು ನನ್ನ ಹಟ. ಇಪ್ಪತ್ತೈದು ವರ್ಷ ಶೌಚಾಲಯದ ನೀರಿನಿಂದಲೇ ತುದಿ ಕೊಳೆತದ್ದನ್ನು ಕಣ್ಣಾರೆ ಕಂಡ ಮೇಲೂ, ಉಳಿದ ಗಟ್ಟಿ ಭಾಗಕ್ಕೆ ಮೂರು ಬಾತ್‌ರೂಮ್ ಕಟ್ಟುವುದೆಂದರೆ! ಅವಳ ವಾದವೂ ತೆಗೆದುಹಾಕುವಂಥದ್ದಲ್ಲ. "ಅಟ್ಯಾಚ್ಡ್ ಇಲ್ಲ ಅಂದ್ರೆ ಬುಕಿಂಗೇ ಬರಲ್ಲ ಮಾವ. ನಿಮ್ಮ ಉಕ್ಕು ಉಳಿಯುತ್ತೆ, ನನ್ನ ಬ್ಯಾಂಕ್ ಸಾಲ ತೀರಲ್ಲ."

ಕೊನೆಗೆ ಮೇಲಿನ ತುದಿಗೆ ತಾಗಿಕೊಂಡು, ಆದರೆ ಡಬ್ಬಿಗೆ ಸೇರದಂತೆ, ಇಟ್ಟಿಗೆಯ ಸ್ನಾನದ ಮನೆ ಎದ್ದಿತು. ನಡುವೆ ಒಂದು ಗೇಣು ಸಂದಿ, ಅದರ ಮೇಲೆ ರಬ್ಬರಿನ ಹೊದಿಕೆ. ಎರಡು ಡಬ್ಬಿಗಳ ನಡುವಿನ ಓಣಿಗೆ ಹಾಕುತ್ತಾರಲ್ಲ, ಅಂಥದ್ದು. ಮೂರು ಕೋಣೆ ಹೋಗಿ ಒಂದೇ ಕುಟುಂಬಕ್ಕೆ ಬಿಡುವ ಮನೆಯಾಯಿತು: ಕಣಿವೆಯ ಗಾಜಿನ ಕಡೆ ಕೂರುವ ಜಾಗ, ಹಿಂದೆ ಎರಡು ಮಲಗುವ ಕೋಣೆ, ಪಕ್ಕದ ಬರ್ತು ಇದ್ದ ಸಾಲಿನಲ್ಲಿ ಓಡಾಡುವ ಓಣಿ. ಒಂದು ಅಂಕಣವನ್ನು ಎಂಟು ಬರ್ತಿನ ಸಮೇತ ಹಾಗೇ ಬಿಟ್ಟಿದ್ದಾಳೆ. ಮಕ್ಕಳು ಬಂದವರು ಹಾಸಿಗೆ ಬಿಟ್ಟು ಮೇಲಿನ ಬರ್ತಿಗೇ ಹತ್ತುತ್ತಾರಂತೆ. ಮೂರು ಕೋಣೆಯ ಬಾಡಿಗೆ ಬರುವ ಕಡೆ ಒಂದರದು ಬರುತ್ತಿದೆ ಎಂದು ಅವಳು ಆಗಾಗ ನೆನಪಿಸುತ್ತಾಳೆ. ಆ ಲೆಕ್ಕದಲ್ಲಿ ನಾನು ಸೋತಿರಬಹುದು.

ಮೊದಲ ಮಳೆಗಾಲ

ಜುಲೈ ಮೂರನೆಯ ವಾರ ಕರೆ ಬಂತು. ಮಾಡಿನ ಗಾಳಿಗೂಡು ಒಂದರಿಂದ ತೊಟ್ಟಿಕ್ಕುತ್ತಿತ್ತು. ಓಡುವ ರೈಲಿನ ಮೇಲೆ ಬೀಳುವ ಮಳೆಗೂ ನಿಂತ ಡಬ್ಬಿಯ ಮೇಲೆ ಮೂರು ದಿನ ಬಿಡದೆ ಬೀಳುವ ಮಳೆಗೂ ಅಜಗಜಾಂತರ. ಗಾಳಿಗೂಡುಗಳನ್ನೆಲ್ಲ ಮುಚ್ಚಿಸಿ, ಇಡೀ ಡಬ್ಬಿಯ ಮೇಲೆ ಬೇರೆಯೇ ಒಂದು ತಗಡಿನ ಮಾಡು ಹಾಕಿಸಿದೆವು. ನೋಟ ಕೆಟ್ಟಿತು ಎಂದು ಮಗಳು ಎರಡು ದಿನ ಮಾತಾಡಲಿಲ್ಲ. ಸಿಲ್ವರ್ ಓಕಿನ ಎಲೆ ಮಾಡಿನ ಅಂಚಿನಲ್ಲಿ ನಿಲ್ಲುವುದು ತಪ್ಪಿತು, ಒಳಗೆ ಬೆವರುವುದೂ ಕಡಿಮೆಯಾಯಿತು. ಎರಡು ಅಡಿಪಾಯದ ಮೇಲೂ ಬಣ್ಣದ ಗುರುತು ಹಾಕಿ ನೀರುಮಟ್ಟ ಹಿಡಿದು ನೋಡುತ್ತಿದ್ದೇವೆ; ಈವರೆಗೆ ಅಲುಗಾಡಿಲ್ಲ.

ಕಿಟಕಿಯ ಕೆಳಗಿನ ತೂತುಗಳ ವಿಷಯ ಹಾಗಲ್ಲ. ಎಡಗಡೆಯ ಐದನೆಯ ಅಂಕಣದಲ್ಲಿ ಮೂರು ತೂತು ಕಟ್ಟಿಕೊಂಡಿದ್ದವು. ಹಳೆಯ ಸೈಕಲ್ಲಿನ ಒಂದು ಕಡ್ಡಿಯನ್ನು ತುದಿ ಬಗ್ಗಿಸಿ ಯಜಮಾನರಿಗೆ ಕೊಟ್ಟು ಬಂದೆ. ಅದು ಈಗ ಡಬ್ಬಿಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದೆ. ಪ್ರತಿ ಭಾನುವಾರ ಸಂತೆಗೆ ಹೋಗುವ ಮೊದಲು ಅವರು ಒಂದು ತುದಿಯಿಂದ ಚುಚ್ಚುತ್ತಾ ಬರುತ್ತಾರೆ. ಕಳೆದ ವಾರ ಫೋನಿನಲ್ಲಿ ಹೇಳಿದರು: "ಬೋಗಿ ಕಿವಿ ಕ್ಲೀನ್ ಮಾಡಾಯ್ತು ಅಣ್ಣ."

ಬೋಗಿ ಅಲ್ಲ, ಡಬ್ಬಿ ಎಂದು ತಿದ್ದುವುದನ್ನು ನಾನು ಬಿಟ್ಟಿದ್ದೇನೆ.